ಬಹುಮಾನದ ಫೋಟೊ ಹಿಡಿದು ಬಂದವನು

ಪ್ರತಿಭಾ ಕಾರಂಜಿಯಲ್ಲಿ ಮಕ್ಕಳು ಬಹುಮಾನ ಗೆದ್ದರೆ ಶಾಲೆಗೆಲ್ಲ ಹಬ್ಬ. ಫೋಟೊ ತೆಗೆದು, ಕೆಳಗೆ ಹೆಸರು, ತರಗತಿ, ಊರು ಬರೆದು ಫೇಸ್‌ಬುಕ್‌ಗೆ ಹಾಕುತ್ತಾರೆ. ನಾನು ಪಾಠ ಮಾಡುತ್ತಿದ್ದ ಪ್ರೌಢಶಾಲೆಯಲ್ಲೂ ಅದೇ ರೂಢಿ. ಭಾವಗೀತೆಯಲ್ಲಿ ಗೆದ್ದ ಎಂಟನೇ ತರಗತಿ ಹುಡುಗಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜು ಬಂತು: ‘ನಿನ್ನ ಹಾಡು ಚೆನ್ನಾಗಿತ್ತು, ನಾನೂ ನಿಮ್ಮ ತಾಲ್ಲೂಕಿನವಳೇ.’ ಹೆಣ್ಣುಮಗಳ ಹೆಸರು, ಹೆಣ್ಣುಮಗಳ ಚಿತ್ರ. ಹುಡುಗಿ ನಂಬಿದಳು. ಆಮೇಲೆ ಫೋಟೊ ಕೇಳುವುದು ಶುರುವಾಯಿತು. ಒಲ್ಲೆ ಎಂದಾಗ, ಅವಳ ಮುಖವನ್ನು ಬೇರೆ ದೇಹಕ್ಕೆ ಅಂಟಿಸಿದ ಚಿತ್ರವೊಂದು ಬಂತು. ಊರಿಗೆಲ್ಲ ಹಂಚುತ್ತೇನೆಂಬ ಬೆದರಿಕೆ ಜೊತೆಗೆ.

ಮನೆಯಲ್ಲಿ ಅವಳು ಬಾಯಿಬಿಡಲಿಲ್ಲ. ‘ಹೇಳಿದ್ರೆ ಅಪ್ಪ ಫೋನ್ ಕಿತ್ಕೋತಾರೆ, ಸ್ಕೂಲೂ ಬಿಡಿಸ್ತಾರೆ’ ಎಂದು ಗೆಳತಿಯ ಹತ್ತಿರ ಅತ್ತಿದ್ದಳು. ಬೆದರಿಸುವವನ ನಿಜವಾದ ಬಲ ಈ ಭಯವೇ, ಆ ಚಿತ್ರವಲ್ಲ. ಗೆಳತಿ ವಿಜ್ಞಾನದ ಮಿಸ್ಸಿಗೆ ಹೇಳಿದಳು. ಆ ಮಿಸ್ಸು ಯಾರನ್ನೂ ಎಲ್ಲರೆದುರು ಬೈದವರಲ್ಲ. ಮಾತು ಅಲ್ಲಿಗೇ ಹೋದದ್ದು ಅದಕ್ಕೆ.

ಸ್ಟಾಫ್ ರೂಮಿನಲ್ಲಿ ಒಬ್ಬರು, ಸ್ಕ್ರೀನ್‌ಶಾಟ್ ತೆಗೆದು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕೋಣ, ಎಲ್ಲರೂ ಎಚ್ಚರವಾಗಿರಲಿ ಎಂದರು. ಮುಖ್ಯಶಿಕ್ಷಕಿ ತಡೆದರು. ‘ಆ ಚಿತ್ರ ಇನ್ನೊಂದು ಫೋನಿಗೆ ಹೋಗಕೂಡದು.’ ಅವರು ಹೇಳಿದ್ದು ಕಾನೂನಿನ ಮಾತೂ ಹೌದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲಿ ಮಕ್ಕಳ ಅಶ್ಲೀಲ ಚಿತ್ರ ಹಂಚಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಒಳ್ಳೆಯ ಉದ್ದೇಶದಿಂದ ಕಳಿಸಿದರೂ ಮಗುವಿನ ಮಾನ ಮತ್ತಷ್ಟು ಕಣ್ಣುಗಳಿಗೆ ಬಿದ್ದಂತೆಯೇ.

ಅಲ್ಲಿಂದ ಮುಂದಿನ ಕೆಲಸ ಸರಸರನೆ ನಡೆಯಿತು. ಚಾಟ್ ಅಳಿಸಲಿಲ್ಲ, ಅವನಿಗೆ ಉತ್ತರ ಕೊಡಲಿಲ್ಲ. ತೋರಿಕೆಯ ಹೆಸರನ್ನು ಬದಲಿಸಬಹುದಾದ್ದರಿಂದ ಖಾತೆಯ ಲಿಂಕನ್ನೇ ಬರೆದಿಟ್ಟುಕೊಂಡರು.

ಕಷ್ಟವಾದದ್ದು ದೂರು ಕೊಡಲು ತಂದೆಯನ್ನು ಒಪ್ಪಿಸುವುದು. ‘ಪೊಲೀಸ್ರು ಮನೆ ಬಾಗ್ಲಿಗೆ ಬಂದ್ರೆ ಮರ್ಯಾದೆ ಏನಾಗುತ್ತೆ ಮೇಡಂ?’ ಎಂದು ಅವರು ತಲೆ ತಗ್ಗಿಸಿ ಕೂತರು. ‘ನಿಮ್ಮ ಮಗಳದ್ದೇನೂ ತಪ್ಪಿಲ್ಲ ಯಜಮಾನ್ರೇ. ನೀವು ಅವಳನ್ನ ಬೈದ್ರೆ ಅವನು ಗೆದ್ದ ಹಾಗೆ’ ಎಂದ ಮುಖ್ಯಶಿಕ್ಷಕಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಮಗು ಇಷ್ಟಪಟ್ಟ ಜಾಗದಲ್ಲೇ ಮಾತಾಡಿಸಬಹುದು. ಪತ್ರಿಕೆಗಳು ಹೆಸರು, ಶಾಲೆ ಯಾವುದನ್ನೂ ಬಯಲು ಮಾಡುವಂತಿಲ್ಲ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಶಿಕ್ಷೆ ಶಾಲೆಯವರಿಗೇ ಎಂಬುದನ್ನೂ ಮುಚ್ಚಿಡಲಿಲ್ಲ. ತಂದೆ ದೂರಿಗೆ ಸಹಿ ಹಾಕಿದರು. ಫೋನನ್ನು ಮಗಳ ಕೈಗೆ ಮರಳಿ ಕೊಟ್ಟರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು.

ನಂತರದ ಪೋಷಕರ ಸಭೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಇನ್‌ಸ್ಟಾಗ್ರಾಮ್ ಸೇರಲು 13 ತುಂಬಿರಬೇಕು. ಹನ್ನೊಂದು, ಹನ್ನೆರಡರ ಮಕ್ಕಳು ಅಕ್ಕನದೋ ಮಾವನದೋ ಹುಟ್ಟಿದ ಇಸವಿ ಹಾಕಿ ಒಳಗೆ ಹೋಗಿದ್ದರು. ಅಲ್ಲಿಗೆ ಆ್ಯಪ್‌ನ ಲೆಕ್ಕದಲ್ಲಿ ಅವರು ದೊಡ್ಡವರು. ಹದಿಹರೆಯದವರ ಖಾತೆಯನ್ನು ತಾನಾಗಿ ಖಾಸಗಿ ಮಾಡಿ, ಅಪರಿಚಿತರ ಮೆಸೇಜು ತಡೆಯುವ ವ್ಯವಸ್ಥೆ 2025ರಲ್ಲಿ ಭಾರತಕ್ಕೂ ಬಂದಿದೆ. ಸುಳ್ಳು ಇಸವಿ ಕೊಟ್ಟ ಮಗುವಿಗೆ ಅದು ಸಿಗದೆ ಹೋಗಬಹುದು. ಮಕ್ಕಳಿಗೆ ಇದನ್ನು ವಿವರಿಸಿದರೆ ಅವರಾಗಿಯೇ ಸರಿಪಡಿಸಿಕೊಳ್ಳುತ್ತಾರೆ. ಬರೀ ‘ಬೇಡ’ ಎಂದರೆ ಇನ್ನೊಂದು ಖಾತೆ ತೆರೆಯುತ್ತಾರೆ.

ಈಗ ಆ ಶಾಲೆಯ ಪುಟದಲ್ಲಿ ಗುಂಪಿನ ಫೋಟೊಗಳು ಮಾತ್ರ, ಹೆಸರಿಲ್ಲದೆ. ಸೂಚನಾ ಫಲಕದಲ್ಲಿ ಮಕ್ಕಳ ಸಹಾಯವಾಣಿ 1098 ದಪ್ಪಕ್ಷರದಲ್ಲಿದೆ. ಶಾಲೆಯಲ್ಲಿಟ್ಟಿರುವ ಪ್ರಶ್ನೆ ಪೆಟ್ಟಿಗೆಗೆ ಬೀಳುವ ಚೀಟಿಗಳಲ್ಲಿ ಹುಡುಗರದ್ದೂ ಇವೆ, ಅವರಿಗೂ ಇಂಥದೇ ಬೆದರಿಕೆಗಳು. ಪೋಕ್ಸೊ ಹುಡುಗರಿಗೂ ಅನ್ವಯಿಸುತ್ತದೆಂದು ಬಹಳ ಮನೆಗಳಲ್ಲಿ ಗೊತ್ತಿಲ್ಲ. ಮುಂದಿನ ಸಭೆಗೆ ಗಂಡುಮಕ್ಕಳ ತಂದೆಯರು ತಪ್ಪದೆ ಬರಬೇಕೆಂದು ಮುಖ್ಯಶಿಕ್ಷಕಿ ಮನೆಮನೆಗೆ ಚೀಟಿ ಕಳಿಸಿದ್ದಾರೆ.