ಯುಕೆಜಿ ಮಗು, ಒಂದು ಬೀಜ, ಎರಡು ನಿಮಿಷ

ಭಾನುವಾರ ರಾತ್ರಿ ಒಂಬತ್ತೂವರೆಗೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆಸೇಜು ಬೀಳುತ್ತದೆ: ನಾಳೆ ಶೋ ಅಂಡ್ ಟೆಲ್, ವಿಷಯ ನೇಚರ್. ಮಗು ಒಂದು ವಸ್ತು ತೋರಿಸಿ ಅದರ ಬಗ್ಗೆ ಎರಡು ನಿಮಿಷ ಮಾತಾಡಬೇಕು. ಅಲ್ಲಿಂದ ಮನೆಯಲ್ಲಿ ಪರೀಕ್ಷೆ ಶುರು, ಮಗುವಿಗಲ್ಲ, ಅಪ್ಪ ಅಮ್ಮನಿಗೆ. ದೊಡ್ಡ ಮಗಳ ಸರದಿ ಬಂದಾಗ ನಾನೂ ಅದೇ ಗಡಿಬಿಡಿಯಲ್ಲಿದ್ದೆ. ಇಂಟರ್‌ನೆಟ್ಟಿನಿಂದ ನವಿಲಿನ ಬಗ್ಗೆ ಇಂಗ್ಲಿಷಿನಲ್ಲಿ ಹನ್ನೆರಡು ಸಾಲು ಇಳಿಸಿ, ಬಾಯಿಪಾಠ ಮಾಡಿಸಿ, ಗ್ರಂಥಿಗೆ ಅಂಗಡಿಯಿಂದ ತಂದ ನವಿಲುಗರಿಯನ್ನು ಕೈಗೆ ಕೊಟ್ಟು ಕಳಿಸಿದೆ. ಮೂರನೇ ಸಾಲಿಗೆ ಮರೆತು ನಿಂತಳಂತೆ. ನಾಲ್ಕನೆಯದಕ್ಕೆ ಅಳು. ಚಿಕ್ಕವನ ಹೊತ್ತಿಗೆ ನನಗೆ ಒಂದಿಷ್ಟು ಬುದ್ಧಿ ಬಂದಿತ್ತು. ಅದನ್ನೇ ಇಲ್ಲಿ ಬರೆದಿದ್ದೇನೆ.

1. ಅಂಗಡಿಗೆ ಓಡಬೇಡಿ, ಚಡ್ಡಿ ಜೇಬು ನೋಡಿ

ಒಗೆಯಲು ಹಾಕುವ ಮುಂಚೆ ಮಗುವಿನ ಜೇಬು ಕೊಡವಿ. ನಮ್ಮನೆಯಲ್ಲಿ ಒಂದೇ ದಿನ ಸಿಕ್ಕಿದ್ದು: ಸೋಡಾ ಬಾಟಲಿಯ ಮುಚ್ಚಳ, ಎರಡು ಜಲ್ಲಿ ಕಲ್ಲು, ಒಂದು ಮಹಾಗನಿ ಬೀಜ, ಯಾವುದೋ ಹಕ್ಕಿಯ ಬೂದು ಪುಕ್ಕ. ಮುಚ್ಚಳ ಬಿಟ್ಟರೆ ಉಳಿದ ಮೂರೂ ಶೋ ಅಂಡ್ ಟೆಲ್‌ಗೆ ಲಾಯಕ್ಕು. ತಾನೇ ಬಗ್ಗಿ ಹೆಕ್ಕಿದ್ದರ ಬಗ್ಗೆ ಮಗುವಿಗೆ ಹೇಳುವುದಕ್ಕೆ ಏನಾದರೂ ಇದ್ದೇ ಇರುತ್ತದೆ. ನೀವು ದುಡ್ಡು ಕೊಟ್ಟು ತಂದ ಶಂಖದ ಬಗ್ಗೆ ಅದು ಏನು ಹೇಳೀತು?

2. ಆಟ ತೋರಿಸುವ ವಸ್ತುವಿಗೆ ಮೊದಲ ಮಣೆ

ಮೂವತ್ತು ಮಕ್ಕಳ ಮುಂದೆ ಸುಮ್ಮನೆ ಎತ್ತಿ ಹಿಡಿದ ಎಲೆ ಹಿಂದಿನ ಬೆಂಚಿಗೆ ಕಾಣುವುದೇ ಇಲ್ಲ. ಒಣಗಿದ ಗುಲ್‌ಮೊಹರ್ ಕಾಯಿ ಆಡಿಸಿದರೆ ಗಿಲಗಿಲ ಅನ್ನುತ್ತದೆ. ನೀರುಕಾಯಿ ಮರದ ಮೊಗ್ಗು ಹಿಚುಕಿದರೆ ಪಿಚಕಾರಿ (ಇದನ್ನು ಕಳಿಸುವ ಮುನ್ನ ಟೀಚರಿಗೆ ಒಂದು ಮಾತು ಹೇಳಿ, ಯೂನಿಫಾರಂ ಕಲೆಯಾದೀತು). ಅಂಟುವಾಳ ಕಾಯಿಯನ್ನು ನೀರಿನ ಬಾಟಲಿಗೆ ಹಾಕಿ ಕುಲುಕಿದರೆ ನೊರೆ ಬರುತ್ತದೆ. ಮುಟ್ಟಿದರೆ ಮುನಿಯ ಒಂದು ಸಣ್ಣ ಕುಂಡ ಹೋದರೆ ಕ್ಲಾಸಿಗೆ ಕ್ಲಾಸೇ ಸಾಲು ನಿಲ್ಲುತ್ತದೆ.

ನನ್ನ ಓಟು ಮಾತ್ರ ಮಹಾಗನಿಗೆ. ಬೆಂಗಳೂರು, ಮೈಸೂರಿನ ಎಷ್ಟೋ ರಸ್ತೆಗಳಲ್ಲಿ ಈ ಮರ ಇದೆ. ಮೂಲ ಅಮೆರಿಕ ಖಂಡದ್ದು, ನಮ್ಮಲ್ಲಿಗೆ ನೆಡಲು ತಂದದ್ದು. ಕಾಯಿ ಮರದಷ್ಟೇ ಗಟ್ಟಿ. ಬೇಸಿಗೆಯ ಹೊತ್ತಿಗೆ ಐದು ಹೋಳಾಗಿ ಬಿರಿಯುತ್ತದೆ, ಒಳಗೆ ಕಂದು ಬೀಜಗಳು ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಒಂದು ತುದಿ ದಪ್ಪ, ಬೀಜ ಇರುವುದು ಅಲ್ಲಿ. ಇನ್ನೊಂದು ತುದಿ ಈರುಳ್ಳಿ ಸಿಪ್ಪೆಯ ಹಾಗೆ ತೆಳು, ಅದು ರೆಕ್ಕೆ. ಕುರ್ಚಿಯ ಮೇಲೆ ನಿಂತು ಕೈಬಿಟ್ಟರೆ ಗಿರಗಿರ ತಿರುಗುತ್ತಾ ಇಳಿಯುತ್ತದೆ. ತಿರುಗುವುದರಿಂದ ನಿಧಾನವಾಗಿ ಬೀಳುತ್ತದೆ, ನಿಧಾನವಾದಷ್ಟೂ ಗಾಳಿ ಅದನ್ನು ದೂರ ಒಯ್ಯುತ್ತದೆ, ತಾಯಿಮರದ ನೆರಳಿನಿಂದಾಚೆ ಮೊಳೆಯಲು ಜಾಗ ಸಿಗುತ್ತದೆ. ಐದು ವರ್ಷದ ಮಗು ಇದನ್ನು ‘ಅಮ್ಮನ ಹತ್ರ ಬಿಸಿಲು ಇಲ್ಲ, ಅದಕ್ಕೆ ಹಾರಿ ಹೋಗುತ್ತೆ’ ಅಂದರೆ ಸಾಕು. ತಿದ್ದಬೇಡಿ.

ಅಮೆರಿಕದಲ್ಲಿರುವ ಮೊಮ್ಮಗಳ ಶಾಲೆಗೆಂದು ಸೂಟ್‌ಕೇಸಿನಲ್ಲಿ ಏನಾದರೂ ತುಂಬುತ್ತಿರುವ ಅಜ್ಜ ಅಜ್ಜಿಯರಿಗೆ ಒಂದು ಮಾತು. ನವಿಲುಗರಿಯನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ಬೀಜಗಳಿಗೆ ಅಲ್ಲಿನ ಕಸ್ಟಮ್ಸ್‌ನವರ ತಕರಾರು ಇದ್ದೇ ಇದೆ. ಆ ಮಗುವಿಗೆ ಅಲ್ಲೇ ಮೇಪಲ್ ಮರದ ಬೀಜ ಸಿಗುತ್ತದೆ. ಅದೂ ಹೀಗೇ ತಿರುಗುತ್ತದೆ.

3. ಕಲ್ಲೆಂದು ಮೂಗು ಮುರಿಯಬೇಡಿ

ಪಕ್ಕದ ಸೈಟಿನ ಜಲ್ಲಿ ರಾಶಿಯಿಂದ ತಂದ ಕಲ್ಲೇ? ಭೇಷ್. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಬೆಂಗಳೂರು, ರಾಮನಗರದ ಸುತ್ತ ಒಡೆದ ಜಲ್ಲಿಯೂ ಅದೇ ಬಳಗದ್ದು, 250 ಕೋಟಿ ವರ್ಷಕ್ಕೆ ಕಡಿಮೆಯಿಲ್ಲ. ಡೈನೋಸಾರ್‌ಗಳು ಬಂದು 23 ಕೋಟಿ ವರ್ಷ ಆಗಿರಬಹುದು, ಅಷ್ಟೇ. ಕೋಟಿಯ ಲೆಕ್ಕ ಮಗುವಿಗೆ ಬೇಡ. ‘ಈ ಕಲ್ಲು ಡೈನೋಸಾರ್‌ಗಿಂತ ಹಳೇದು’ ಅನ್ನಲಿ, ಕ್ಲಾಸು ಗಪ್‌ಚಿಪ್ ಆಗುತ್ತದೆ. ಬಿಸಿಲಿಗೆ ಹಿಡಿದಾಗ ಕಾಗೆಬಂಗಾರದ ಚೂರು ಮಿಂಚಿದರೆ ಅದೊಂದು ಬೋನಸ್ಸು.

4. ಇವು ಬೇಡವೇ ಬೇಡ

ಗುಲಗಂಜಿ ನೋಡಲು ಎಷ್ಟು ಚೆಂದ! ಕೆಂಪು ಮೈ, ಕಪ್ಪು ಕಣ್ಣು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ. ಆದರೆ ಒಳಗೆ ಅಬ್ರಿನ್ ಎಂಬ ವಿಷವಿದೆ, ಮಗು ಅಗಿದು ನುಂಗಿದರೆ ಪ್ರಾಣಕ್ಕೇ ಸಂಚಕಾರ. ಹರಳು ಬೀಜ, ಕಣಗಿಲೆ, ದತ್ತೂರಿ ಇವೂ ಅದೇ ಪಟ್ಟಿಗೆ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು. ಹಸಿ ಗೇರುಬೀಜದ ಸಿಪ್ಪೆಯ ಸೊನೆ ಚರ್ಮ ಸುಡುತ್ತದೆ. ನಸುಗುನ್ನಿ ಕಾಯಿಯ ರೋಮ ತಾಗಿದರೆ ಇಡೀ ಕ್ಲಾಸು ಕೆರೆದುಕೊಳ್ಳುತ್ತದೆ, ಕಂಬಳಿಹುಳದ್ದೂ ಅದೇ ಕಥೆ. ಜೀವ ಇರುವ ಯಾವುದನ್ನೂ ಡಬ್ಬಿಗೆ ತುಂಬಬೇಡಿ.

ಹಕ್ಕಿಯ ಮೊಟ್ಟೆಗಾಗಲಿ ಗೂಡಿಗಾಗಲಿ ಕೈ ಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಒಪ್ಪುವುದಿಲ್ಲ. ಗಾಳಿಗೆ ಕಳಚಿ ಬಿದ್ದ ಗೀಜಗನ ಹಳೆಯ ಗೂಡು ಸಿಕ್ಕಿದರೆ ಅದು ಪುಣ್ಯ. ಎರಡು ದಿನ ಬಿಸಿಲಿಗಿಟ್ಟು ಹುಳಹುಪ್ಪಟೆ ಕೊಡವಿ, ಪಾರದರ್ಶಕ ಕವರಿನಲ್ಲಿ ಹಾಕಿ ಕಳಿಸಿ. ಅದನ್ನು ನೇಯ್ದದ್ದು ಗಂಡುಹಕ್ಕಿ, ಒಪ್ಪುವುದು ಬಿಡುವುದು ಹೆಣ್ಣಿನ ಕೈಯಲ್ಲಿ. ಇದನ್ನು ಕೇಳಿ ಕ್ಲಾಸಿನ ಹುಡುಗಿಯರಿಗೆ ಬಲು ಖುಷಿಯಾಗುತ್ತದೆ.

5. ಮೂರೇ ಮಾತು, ಅದೂ ಮಗುವಿನದೇ

ಎಲ್ಲಿ ಸಿಕ್ಕಿತು? ಏನು ಮಾಡುತ್ತೆ? ನಿನಗೆ ಯಾಕೆ ಇಷ್ಟ? ಈ ಮೂರನ್ನು ಕೇಳಿ, ಉತ್ತರ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಕಷ್ಟ ಇರುವುದೇ ಇಲ್ಲಿ. ‘ರೆಸ್ಪೆಕ್ಟೆಡ್ ಟೀಚರ್ಸ್ ಅಂಡ್ ಮೈ ಡಿಯರ್ ಫ್ರೆಂಡ್ಸ್’ ಎಂದು ಶುರುವಾಗುವ ಭಾಷಣ ಉರು ಹೊಡೆಸಲು ಪ್ರತಿ ಅಪ್ಪ ಅಮ್ಮನ ನಾಲಿಗೆ ತುರಿಸುತ್ತದೆ.

ಮಗಳ ನವಿಲುಗರಿಯ ದಿನ ಅವಳು ತಾನಾಗಿ ಹೇಳಿದ ಮಾತು ಒಂದೇ: ‘ಪುಸ್ತಕದೊಳಗೆ ಇಟ್ರೆ ಇದು ಮರಿ ಹಾಕುತ್ತೆ ಅಲ್ವಾ ಅಮ್ಮಾ?’ ನಾನು ‘ಏ, ಅದೆಲ್ಲಾ ಸುಳ್ಳು’ ಎಂದು ಹೊಡೆದು ಹಾಕಿ, 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು ಎಂಬ ಸಾಲು ಸೇರಿಸಿದೆ. ಮಾಹಿತಿ ಸರಿಯಾದದ್ದೇ. ಆದರೆ ಮರಿಯ ಮಾತನ್ನೇ ಹೇಳಲು ಬಿಟ್ಟಿದ್ದರೆ ಕ್ಲಾಸಿನಲ್ಲಿ ಎಂಥ ಜಗಳ ಹತ್ತಿಕೊಳ್ಳುತ್ತಿತ್ತು! ಹಾಕುತ್ತೆ ಎನ್ನುವವರು ಒಂದು ಕಡೆ, ಇಲ್ಲ ಎನ್ನುವವರು ಇನ್ನೊಂದು ಕಡೆ. ಮಳೆಗಾಲ ಮುಗಿಯುತ್ತಾ ಬಂದಂತೆ ಗಂಡು ನವಿಲು ಗರಿ ಉದುರಿಸುತ್ತದೆ, ಮರುವರ್ಷಕ್ಕೆ ಹೊಸದು ಬರುತ್ತದೆ ಎಂದು ಟೀಚರ್ ಆಗ ಹೇಳಿದ್ದರೆ ಒಬ್ಬರೂ ಮರೆಯುತ್ತಿರಲಿಲ್ಲ.

6. ಹೊಂಗೆ ಹೊಂಗೆಯೇ ಆಗಿರಲಿ

ಇಂಗ್ಲಿಷ್ ಮೀಡಿಯಂ ಶಾಲೆಯಾದರೂ ವಸ್ತುವಿನ ಹೆಸರು ಮನೆಯಲ್ಲಿ ಕರೆಯುವ ಹಾಗೇ ಇರಲಿ. ‘ದಿಸ್ ಈಸ್ ಹೊಂಗೆ’ ಎಂದು ಧೈರ್ಯವಾಗಿ ಅನ್ನಲಿ. ಆ ಮರಕ್ಕೆ ವಿಜ್ಞಾನಿಗಳು ಬಳಸುತ್ತಿದ್ದ ‘ಪೊಂಗಾಮಿಯಾ’ ಎಂಬ ಹೆಸರೇ ನಮ್ಮ ದಕ್ಷಿಣದ ಮಾತಿನಿಂದ ಹೋದದ್ದು. ನಾವು ನಾಚಿಕೊಳ್ಳುವುದು ಯಾವ ಕರ್ಮಕ್ಕೆ?

7. ಎರಡು ಸಲ ಅಭ್ಯಾಸ, ಮೂರನೆಯದು ಬೇಡ

ಮೊದಲನೆಯದು ಅಜ್ಜಿಯ ಮುಂದೆ. ಅಜ್ಜಿಗೆ ಕಿವಿ ಸ್ವಲ್ಪ ಮಂದವಾಗಿದ್ದರೆ ಇನ್ನೂ ಒಳ್ಳೆಯದು, ದನಿ ತಾನೇ ಏರುತ್ತದೆ. ಎರಡನೆಯದು ರಾತ್ರಿ ಊಟ ಆದ ಮೇಲೆ, ಎಲ್ಲರ ಮುಂದೆ, ನಿಂತುಕೊಂಡು. ಮೂರನೇ ಸಲಕ್ಕೆ ಮಾತು ಪಾಠವಾಗಿಬಿಡುತ್ತದೆ. ಮೊಬೈಲ್ ಎತ್ತಿ ವಿಡಿಯೋ ಮಾಡಬೇಡಿ.

8. ಡಬ್ಬಿ ಗಟ್ಟಿ, ಬೀಜ ನಾಲ್ಕು

ಮಹಾಗನಿ ರೆಕ್ಕೆ ಲಟಕ್ಕನೆ ಮುರಿಯುತ್ತದೆ. ಸ್ಕೂಲ್ ವ್ಯಾನಿನ ನೂಕುನುಗ್ಗಲಿಗೆ ಕಾಗದದ ಪೊಟ್ಟಣ ತಡೆಯದು, ಹಳೆಯ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ ಇಡಿ. ಒಂದು ಮುರಿದರೂ ಇನ್ನೊಂದು ಇರಲಿ ಎಂದು ನಾಲ್ಕು ಬೀಜ. ಮುಚ್ಚಳ ಮಗುವಿನ ಕೈಯಲ್ಲೇ ತೆರೆಯುತ್ತದೆಯೇ ಎಂದು ಹಿಂದಿನ ರಾತ್ರಿ ನೋಡಿ.

9. ‘ಗೊತ್ತಿಲ್ಲ ಮಿಸ್’ ಅನ್ನುವುದನ್ನೂ ಕಲಿಸಿ

ಮಕ್ಕಳ ಪ್ರಶ್ನೆಗೆ ತಲೆಬುಡ ಇರುವುದಿಲ್ಲ. ಮಹಾಗನಿ ಬೀಜ ತಿರುಗಿಸಿ ತೋರಿಸಿದ ನನ್ನ ಮಗನಿಗೆ ಬಂದ ಮೊದಲ ಪ್ರಶ್ನೆ, ‘ಇದಕ್ಕೆ ತಲೆ ಸುತ್ತಲ್ವಾ?’ ಅವನು ಒಂದು ಗಳಿಗೆ ಯೋಚಿಸಿ, ‘ಗೊತ್ತಿಲ್ಲ, ಇನ್ನೊಂದ್ ಸಲ ಬಿಡ್ತೀನಿ, ನೋಡೋಣ’ ಎಂದನಂತೆ. ಟೀಚರ್ ಫೋನ್ ಮಾಡಿ ಹೇಳಿ ನಕ್ಕರು.

10. ಮನೆಗೆ ಬಂದ ಮೇಲೆ

‘ಚೆನ್ನಾಗಿ ಮಾಡಿದ್ಯಾ? ಕ್ಲಾಪ್ಸ್ ಬಂತಾ?’ ಎಂದು ಬಾಗಿಲಲ್ಲೇ ಹಿಡಿಯಬೇಡಿ. ಯಾರು ಏನು ಕೇಳಿದರು, ಬೇರೆಯವರು ಏನು ತಂದಿದ್ದರು ಅಂತ ಕೇಳಿ. ನಮ್ಮವನ ಡಬ್ಬಿಯಲ್ಲಿ ನಾಲ್ಕು ಬೀಜದ ಬದಲು ಒಂದೇ ಒಂದು ಸಣ್ಣ ಕಪ್ಪೆಚಿಪ್ಪು ಇತ್ತು. ಪಕ್ಕದ ಹುಡುಗಿಯ ಜೊತೆ ಬದಲಾಯಿಸಿಕೊಂಡಿದ್ದ. ಈಗ ಅದನ್ನು ಒಗೆಯುವ ಬಟ್ಟೆಯ ಜೇಬಿನಿಂದ ವಾರಕ್ಕೆರಡು ಸಲ ತೆಗೆದಿಡುವ ಕೆಲಸ ನನ್ನದು.

ಬೇಸಿಗೆಗೆ ಮಹಾಗನಿ ಕಾಯಿ ಬಿರಿಯುತ್ತದೆ. ನಿಮ್ಮ ರಸ್ತೆಯಲ್ಲಿ ಒಂದು ಮರ ಇದ್ದರೆ ಪೌರಕಾರ್ಮಿಕರು ಗುಡಿಸುವ ಮುಂಚೆ, ಬೆಳಿಗ್ಗೆ ಮಗುವನ್ನು ಕರೆದುಕೊಂಡು ಹೋಗಿ. ಹೆಕ್ಕುವುದು ಮಾತ್ರ ಮಗುವೇ ಹೆಕ್ಕಲಿ.