ಅಂಕಪಟ್ಟಿ ಇಲ್ಲದ ಎಂಟನೇ ತರಗತಿ

ಎಂಟನೇ ತರಗತಿ ಮುಗಿಸಿದ್ದೇನೆ. ಕೈಯಲ್ಲಿ ಟಿಸಿ ಇದೆ, ಅಂಕಪಟ್ಟಿ ಇಲ್ಲ. ನಮ್ಮ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ದೊಡ್ಡಪ್ಪ ಬೆಂಗಳೂರಿನಿಂದ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ ಮಾತು: 'ಏನವಾ, ಮಾರ್ಕ್ಸ್ ಎಷ್ಟು ಬಂದಾವ?' ಅವನಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಿಂದೆ ಬರುವ ಹುಡುಗಿಯರಿಗೆ ಇದರಿಂದ ಉಪಯೋಗವಾದರೆ ಇನ್ನೂ ಒಳ್ಳೆಯದು.

ನಮ್ಮದು ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕು. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ 2016ರಲ್ಲಿ ಸೇರಿದೆ. ಮೊದಲ ನಾಲ್ಕು ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹಾಲು ಕುಡಿದೆವು, ಮಗ್ಗಿ ಒದರಿದೆವು, ಪ್ರಾರ್ಥನೆಗೆ ಸಾಲಾಗಿ ನಿಂತೆವು. ನಾಲ್ಕನೇ ತರಗತಿಯ ಕೊನೆಗೆ, 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದು ಶಾಲೆಗೆ ಬೀಗ ಬಿತ್ತು. ಐದನೇ ತರಗತಿ ಅನ್ನುವುದನ್ನು ನಾವು ಓದಿದ್ದು ಹನುಮಪ್ಪನ ಗುಡಿ ಕಟ್ಟೆಯ ಮೇಲೆ, ಶಿಕ್ಷಕರು ಊರೊಳಗೇ ಪಾಠ ಹೇಳುತ್ತಿದ್ದ ವಿದ್ಯಾಗಮದಲ್ಲಿ, ಅದೂ ಅಕ್ಟೋಬರ್‌ಗೆ ನಿಂತುಹೋಯಿತು. ಮತ್ತೆ ತರಗತಿಯ ಬಾಗಿಲು ಕಂಡದ್ದು 2021ರ ಸೆಪ್ಟೆಂಬರ್ 6ಕ್ಕೆ. ಆಗ ನಾವು ಆರನೇ ತರಗತಿಯವರು.

ಆ ವಾರವೇ ಗಣಿತದ ಸರ್ ಬೋರ್ಡಿನ ಮೇಲೆ ಮುಕ್ಕಾಲು ಮತ್ತು ಐದನೇ ಎರಡು ಬರೆದು ಕೂಡಿಸಲು ಹೇಳಿದರು. ಒಂದು ಕೈಯೂ ಮೇಲೇಳಲಿಲ್ಲ. ಅವರು ಬೈಯಲಿಲ್ಲ. ಗೋಡೆಯ ಹಳೆಯ ಕ್ಯಾಲೆಂಡರ್ ತೆಗೆದು ಉದ್ದುದ್ದ ಪಟ್ಟಿ ಹರಿದರು. ಒಂದೊಂದು ಪಟ್ಟಿಯನ್ನೂ ಅಡ್ಡಗೆರೆ ಹಾಕಿ ಇಪ್ಪತ್ತು ಚೌಕ ಮಾಡಿಸಿದರು. ಮುಕ್ಕಾಲು ಎಂದರೆ ಹದಿನೈದು ಚೌಕ, ಐದನೇ ಎರಡು ಎಂದರೆ ಎಂಟು. ಎಣಿಸಿ ಬಣ್ಣ ಹಚ್ಚಿದಾಗ ಒಂದು ಪಟ್ಟಿ ಪೂರ್ತಿ ತುಂಬಿ, ಎರಡನೆಯದರಲ್ಲಿ ಮೂರು ಚೌಕ ತುಂಬಿದವು. ಭಿನ್ನರಾಶಿ ಅಂದರೆ ಏನೆಂದು ನನಗೆ ಅರ್ಥವಾದದ್ದು ಅವತ್ತು. ಆರನೇ ತರಗತಿಯ ಪುಸ್ತಕವನ್ನು ಬದಿಗಿಟ್ಟು ಅವರು ಐದನೆಯದನ್ನೇ ಮೊದಲಿನಿಂದ ಹೇಳಿಕೊಟ್ಟರು. ಕಲಿಕಾ ಚೇತರಿಕೆ ಎಂದು ಮುಂದಿನ ವರ್ಷ ಸರ್ಕಾರ ಹೆಸರಿಟ್ಟು ಮಾಡಿದ ಕೆಲಸವನ್ನು ಅವರು ಅದಕ್ಕೂ ಮೊದಲೇ ಶುರು ಮಾಡಿದ್ದರು. 2021ರ ಡಿಸೆಂಬರ್‌ನಿಂದ ನಮ್ಮ ಭಾಗದ ಜಿಲ್ಲೆಗಳಲ್ಲಿ ಊಟದ ಜೊತೆ ಮೊಟ್ಟೆ ಕೊಡತೊಡಗಿದರು. ಮೊಟ್ಟೆ ಇರುವ ದಿನ ತರಗತಿ ತುಂಬಿರುತ್ತಿತ್ತು. ಅದರ ಬಗ್ಗೆ ದೊಡ್ಡವರು ಟಿವಿಯಲ್ಲಿ ಏನೇ ವಾದ ಮಾಡಿರಲಿ, ನಾನು ಕಣ್ಣಾರೆ ಕಂಡದ್ದು ಇದು.

ಈಗ ಎಂಟನೇ ತರಗತಿಗೆ ಬರುತ್ತೇನೆ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿದ ವರ್ಷ ಅದು. ನಮ್ಮ ಹೊಲದ ತೊಗರಿ ಕಾಯಿ ಕಟ್ಟಲಿಲ್ಲ. ಸಂಕ್ರಾಂತಿ ಮುಗಿಯುತ್ತಲೇ ಅಪ್ಪ, ಅವ್ವ ಸಣ್ಣ ತಮ್ಮನನ್ನು ಎತ್ತಿಕೊಂಡು ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ಪರೀಕ್ಷೆ ಇದೆ ಎನ್ನುವ ಒಂದೇ ಕಾರಣಕ್ಕೆ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟರು. ಶಿವರಾತ್ರಿ ಅಮಾವಾಸ್ಯೆ ಕಳೆದ ಮೇಲೆ ದೊಡ್ಡಪ್ಪನ ಮನೆಯವರೂ ಹೊರಡುವವರಿದ್ದರು.

2024ರ ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ, ಸರ್ಕಾರ ನಮಗೆ ಇಟ್ಟಿದ್ದ ಬೋರ್ಡ್ ಪರೀಕ್ಷೆಯನ್ನು ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಕನ್ನಡ ಬರೆದೆವು, 12ಕ್ಕೆ ಇಂಗ್ಲಿಷ್. ಇಂಗ್ಲಿಷ್ ಬರೆದು ಮನೆಗೆ ಬರುವಷ್ಟರಲ್ಲಿ ಊರೆಲ್ಲ ಸುದ್ದಿ: ಸುಪ್ರೀಂ ಕೋರ್ಟ್ ಪರೀಕ್ಷೆ ನಿಲ್ಲಿಸಿದೆ. ಜೊತೆಯ ಹುಡುಗರು ಕುಣಿದರು. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು, ಯಾಕೆಂದರೆ ದೊಡ್ಡಪ್ಪ ಜಗುಲಿಯ ಮೇಲೆ ಕೂತಿದ್ದ.

'ಪರೀಕ್ಷಿನ ಇಲ್ಲಂದ್ರ ನೀ ಇಲ್ಲೇನ್ ಮಾಡ್ತಿ? ನಡಿ, ತಮ್ಮನ್ನ ನೋಡ್ಕೊಂಡಿರು. ನಿಮ್ಮವ್ವಗೂ ಪಗಾರ ಬರ್ತದ.' ಅವ್ವ ಫೋನಿನಲ್ಲಿ ಹೂಂ ಅಂದಳು, ಉಹೂಂ ಅಂದಳು, ಕೊನೆಗೆ ಸುಮ್ಮನಾದಳು. ಅಪ್ಪ ಅಣ್ಣನ ಮಾತು ಮೀರುವವನಲ್ಲ. ಬಸ್ಸಿನ ಖರ್ಚಿಲ್ಲ ಎನ್ನುವುದು ದೊಡ್ಡಪ್ಪನ ಇನ್ನೊಂದು ವಾದ. ಹೆಣ್ಣುಮಕ್ಕಳು ಶಾಲೆಗೆ, ಕೆಲಸಕ್ಕೆ ಹೋಗಿಬರಲಿ ಎಂದು ಮಾಡಿದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯನ್ನೇ ಅವನು ನನ್ನನ್ನು ಶಾಲೆ ಬಿಡಿಸಲು ಬಳಸಿಕೊಂಡ. ಇದನ್ನು ನಾನು ಮರೆಯುವುದಿಲ್ಲ.

ಅದೇ ವಾರ ಒಂದು ಸಂಜೆ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ನಾವೆಲ್ಲ ನಿಂತಿದ್ದೆವು. ಗಂಟುಮೂಟೆ, ಹಿಟ್ಟಿನ ಚೀಲ, ಸ್ಟೌ, ಒಂದು ಹಾಸಿಗೆ ಸುರುಳಿ. ನಮ್ಮಂಥವೇ ಇನ್ನೂ ಎಷ್ಟೋ ಸಂಸಾರಗಳು. ಅಜ್ಜಿ ಕಳಿಸಲು ಬಂದಿದ್ದಳು. ಹೆಂಗಸರ ಆಧಾರ್ ಕಾರ್ಡುಗಳನ್ನೆಲ್ಲ ಸೇರಿಸಿ ರಬ್ಬರ್ ಹಾಕಿ ದೊಡ್ಡಪ್ಪ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ನನ್ನ ಬಟ್ಟೆ ಚೀಲದ ತಳದಲ್ಲಿ ಪ್ರವೇಶ ಪತ್ರವೂ ವಿಜ್ಞಾನದ ಪುಸ್ತಕವೂ ಇದ್ದವು. ಪರೀಕ್ಷೆ ಪೂರ್ತಿ ರದ್ದಾಗಿಲ್ಲ, ಮುಂದೆ ಹೋಗಿದೆ ಅಷ್ಟೇ ಎಂದು ಸರ್ ಹೇಳಿದ್ದು ಕಿವಿಯಲ್ಲಿತ್ತು. ದೊಡ್ಡಪ್ಪನಿಗೆ ಇದನ್ನು ಹೇಳಿದೆ. 'ನಿಮ್ಮ ಸರ್ ಬಂದು ನಿನಗ ಹೊಟ್ಟಿಗೆ ಹಾಕ್ತಾನೇನು?' ಅಂದ.

ಬಸ್ಸು ಬಂತು. ನೂಕುನುಗ್ಗಲು. ದೊಡ್ಡಮ್ಮ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಳು. ದೊಡ್ಡಪ್ಪ ಮೂಟೆ ಏರಿಸುವಾಗ ನಾನು, 'ನನ್ನ ಕಾರ್ಡ್ ನನ್ನ ಕೈಯಾಗ ಕೊಡು, ಕಂಡಕ್ಟರ್ ಕೇಳ್ತಾನ' ಅಂದೆ. ಅವಸರದಲ್ಲಿ ರಬ್ಬರ್ ಬಿಚ್ಚಿ ಕೊಟ್ಟ. ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಸರಿದು ಅಜ್ಜಿಯ ಪಕ್ಕ ನಿಂತೆ. ಮೆಟ್ಟಿಲಿನಿಂದ ಇಳಿದು ಬಂದ. ರಟ್ಟೆ ಹಿಡಿದು ಎಳೆದ. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು. ನಾನು ಬೆಂಚಿನ ಕಬ್ಬಿಣದ ಕಾಲನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ, ಬಿಡಲಿಲ್ಲ. ಜನ ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಕಂಡಕ್ಟರ್ ಸೀಟಿ ಊದಿ, 'ಹತ್ತೋರು ಹತ್ರಿ, ಇಲ್ಲಾಂದ್ರ ಬಿಡ್ರಿ' ಎಂದು ಕೂಗಿದ. ಆಗ ಅಜ್ಜಿ, ಯಾವತ್ತೂ ಮಗನಿಗೆ ಎದುರಾಡದವಳು, ಒಂದೇ ಮಾತು ಹೇಳಿದಳು: 'ಅಕಿ ಕೂಳು ನಾ ಹಾಕ್ತೀನಿ. ನೀ ಹೋಗು.' ಅವನು ನನ್ನ ಬಟ್ಟೆ ಚೀಲವನ್ನು ನೆಲಕ್ಕೆ ಬಿಸಾಕಿ ಬಸ್ ಹತ್ತಿದ. ವಿಜ್ಞಾನದ ಪುಸ್ತಕದ ರಟ್ಟು ಕಿತ್ತುಬಂದಿತ್ತು. ಅದನ್ನು ಅಂಟಿಸಿ ಅದರಲ್ಲೇ ಓದಿದೆ.

ಮಾರ್ಚ್ 22, ಶುಕ್ರವಾರ, ಪರೀಕ್ಷೆ ನಡೆಸಬಹುದು ಎಂದು ಹೈಕೋರ್ಟಿನ ತೀರ್ಪು ಬಂತು. ಸೋಮವಾರದಿಂದಲೇ ಪರೀಕ್ಷೆ, 28ಕ್ಕೆ ಮುಗಿಯಿತು. ನಮ್ಮ ಕೋಣೆಯಲ್ಲಿ ಕೆಲವು ಜಾಗ ಖಾಲಿ ಇದ್ದವು. ಆ ನಡುವಿನ ದಿನಗಳಲ್ಲಿ ಗುಳೆ ಹೋದವರ ಜಾಗ ಅವು. ಕಟ್ಟಡದ ಕೆಲಸ ಬಿಟ್ಟು ಎರಡು ದಿನದಲ್ಲಿ ಬೆಂಗಳೂರಿನಿಂದ ಮಗಳನ್ನು ಕರೆತರುವವರು ಯಾರು? ನನ್ನ ಪಕ್ಕದ ಬೆಂಚಿನವಳು ನನಗಿಂತ ಚೆನ್ನಾಗಿ ಗಣಿತ ಮಾಡುತ್ತಿದ್ದಳು. ಅವಳು ಬರಲಿಲ್ಲ.

ಎಳೆಯ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಭಾರ ಎಂದು ಒಂದು ಕಡೆಯವರು, ಕಲಿಕೆ ಗೊತ್ತಾಗಲು ಬೇಕು ಎಂದು ಇನ್ನೊಂದು ಕಡೆಯವರು. ಎರಡರಲ್ಲೂ ಸತ್ಯವಿರಬಹುದು. ನಮ್ಮ ಕಡೆಯ ಹುಡುಗಿಯರಿಗೆ ಪರೀಕ್ಷೆಯ ತಾರೀಖು ಬೇರೆಯೇ ಕೆಲಸ ಮಾಡುತ್ತದೆ: ಅಲ್ಲಿಯವರೆಗೆ ನಮ್ಮನ್ನು ಯಾರೂ ಊರಿನಿಂದ ಎಬ್ಬಿಸುವುದಿಲ್ಲ. ಆ ತಾರೀಖನ್ನು ವರ್ಷದ ಕೊನೆಗೆ ಅಲುಗಾಡಿಸಿದರೆ ಯಾರ ಓದು ಅಲ್ಲಿಗೆ ನಿಲ್ಲುತ್ತದೆ ಎಂದು ವಾದ ಮಾಡಿದ ದೊಡ್ಡವರು ಯೋಚಿಸಬೇಕಿತ್ತು. ಪರೀಕ್ಷೆ ಇಡುವುದಾದರೆ ಜೂನ್‌ನಲ್ಲೇ ಹೇಳಿ ಇಡಲಿ, ಬೇಡವಾದರೆ ಜೂನ್‌ನಲ್ಲೇ ಬೇಡ ಅನ್ನಲಿ.

ನನ್ನ ಹಿಂದಿನವರಿಗೆ ಕೆಲವು ಮಾತು. ನಿಮ್ಮ ಆಧಾರ್ ಕಾರ್ಡ್ ನಿಮ್ಮ ಹತ್ತಿರ ಇರಲಿ. ಟಿಸಿ ಕೈಗೆ ಬಂದ ಕೂಡಲೇ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಹೊಂದುತ್ತವೆಯೇ ನೋಡಿ. ನನ್ನದರಲ್ಲಿ ಒಂದು ಅಕ್ಷರ ತಪ್ಪಿತ್ತು, ತಿದ್ದಿಕೊಡಬೇಕಾದ ಗುಮಾಸ್ತರು ಅಜ್ಜಿಯನ್ನು ಬಿಸಿಲಿನಲ್ಲಿ ಸುಮ್ಮನೆ ಓಡಾಡಿಸಿದರು. ಹಾಸ್ಟೆಲ್‌ಗೆ ಅರ್ಜಿ ಹಾಕುವವರು ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಮನೆಯಲ್ಲಿ ಗುಳೆಯ ಮಾತು ಬಂದರೆ ಹೊರಡುವ ದಿನದವರೆಗೆ ಕಾಯದೆ ಶಾಲೆಯಲ್ಲಿ ಹೇಳಿ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಹದಿನಾಲ್ಕು ವರ್ಷದವರೆಗೆ, ಎಂಟನೇ ತರಗತಿಯವರೆಗೆ. ನನಗೆ ಹದಿನಾಲ್ಕು ತುಂಬಿದೆ. ಇನ್ನು ಮುಂದೆ ನಮ್ಮನ್ನು ಶಾಲೆಯಲ್ಲಿ ಉಳಿಸುವುದು ಮನೆಯವರ ಮನಸ್ಸು ಮಾತ್ರ. ಅದಕ್ಕೇ ದೊಡ್ಡಪ್ಪನಂಥವರಲ್ಲಿ ಕೇಳುತ್ತೇನೆ: ದುಡಿಯಲು ಹೋಗಿ, ಬರಗಾಲದಲ್ಲಿ ಹೋಗದೆ ವಿಧಿಯಿಲ್ಲ. ಹೋಗುವ ಮೊದಲು ಮಗಳ ಹೆಸರನ್ನು ಒಂಬತ್ತನೇ ತರಗತಿಗೆ ಹಚ್ಚಿ, ಅವಳನ್ನು ಊರಿನಲ್ಲಿ ಬಿಟ್ಟು ಹೋಗಿ.