ಕಾಣದ ಹೊನಲು

ಮಳೆಗಾಲ ಕಳೆದು ಬಾನು ತಿಳಿಯಾಗುವ ಆಶ್ವಯುಜದ ಮುಸ್ಸಂಜೆಯಲ್ಲಿ ಇಂಡಿಯ ಲಿಂಬೆದೋಟಗಳ ಮೇಲೆ, ನೆತ್ತಿಯಿಂದ ತುಸು ಉತ್ತರಕ್ಕೆ, ರಾಜಹಂಸ ನಕ್ಷತ್ರಪುಂಜವು ಶೋಭಿಸುತ್ತದೆ. ಆ ಹಂಸದ ಎದೆಯ ಬಳಿ ಬರಿಗಣ್ಣಿಗೆ ಏನೂ ಕಾಣದ ಒಂದೆಡೆಯಿಂದ ಪ್ರಬಲವಾದ ರೇಡಿಯೋ ಅಲೆಗಳು ಬರುತ್ತಿವೆ. ಸುಮಾರು 75 ಕೋಟಿ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿಗೆ ಸಿಗ್ನಸ್-ಎ ಎಂದು ಹೆಸರು.

1953ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕಿನಲ್ಲಿ ರೋಜರ್ ಜೆನ್ನಿಸನ್ ಹಾಗೂ ಭಾರತೀಯರಾದ ಮೃಣಾಲ್ ಕುಮಾರ್ ದಾಸ್‌ಗುಪ್ತ ಅವರು ಒಂದು ವಿಚಿತ್ರವನ್ನು ಕಂಡರು. ಅಲೆಗಳು ಮುಖ್ಯವಾಗಿ ಹೊರಡುತ್ತಿದ್ದುದು ಗೆಲಾಕ್ಸಿಯಿಂದಲ್ಲ. ಅದರ ಇಕ್ಕೆಲಗಳಲ್ಲಿ ಬಹುದೂರ ಚಾಚಿದ ಎರಡು ಪ್ರದೇಶಗಳಿಂದ! ದೀಪವಿರುವುದು ಮನೆಯೊಳಗೆ, ಬೆಳಕು ಕಾಣುವುದು ಊರಾಚೆಯ ಎರಡು ಹೊಲಗಳಲ್ಲಿ ಎಂಬಂತಾಯಿತು. ಒಮ್ಮೆ ಸ್ಫೋಟಿಸಿ ಎಸೆದ ಅನಿಲವೇ ಅದಾಗಿದ್ದರೆ ಹಿಗ್ಗಿ, ತಣಿದು, ಮಂಕಾಗಬೇಕಿತ್ತು. ಹಾಗಾದರೆ ಅಷ್ಟು ದೂರಕ್ಕೆ ಶಕ್ತಿಯನ್ನು ಎಡೆಬಿಡದೆ ಒಯ್ಯುವವರಾರು?

ಗೆಲಾಕ್ಸಿಯ ನಡುವಿನಿಂದ ಎರಡು ದಿಕ್ಕಿಗೂ ಚಿಮ್ಮುಧಾರೆಗಳು ಸತತವಾಗಿ ಹರಿಯುತ್ತಿರಬೇಕೆಂದು 1974ರಲ್ಲಿ ಬ್ಲಾಂಡ್‌ಫೋರ್ಡ್ ಮತ್ತು ರೀಸ್ ವಾದಿಸಿದರು. ಅದು ಊಹೆಯೇ ಆಗಿತ್ತು. 1984ರಲ್ಲಿ ಅಮೆರಿಕದ ದೂರದರ್ಶಕ ಸಮೂಹವೊಂದು ಪಡೆದ ಚಿತ್ರದಲ್ಲಿ ನೂಲಿನಂಥ ಆ ಧಾರೆ ಮೂಡಿಯೇಬಿಟ್ಟಿತು.

ಗೆಲಾಕ್ಸಿಯ ಗರ್ಭದಲ್ಲಿ ಮಹಾ ಕೃಷ್ಣವಿವರವಿದೆ. ಸುತ್ತಲಿನ ಅನಿಲವು ಸುಳಿಯಾಗಿ ಅದರತ್ತ ಬೀಳುವಾಗ, ತಿರುಚಿಕೊಂಡ ಕಾಂತಕ್ಷೇತ್ರವು ಒಂದಷ್ಟು ದ್ರವ್ಯವನ್ನು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಹೊರಚಿಮ್ಮುತ್ತದೆ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳು ರೇಡಿಯೋ ಅಲೆಗಳನ್ನು ಸೂಸುತ್ತವೆ. ಧಾರೆಯು ಹೊರಗಿನ ವಿರಳ ಅನಿಲಕ್ಕೆ ಬಡಿದು, ಕಾಲುವೆಯ ನೀರು ಒಡ್ಡಿಗೆ ತಾಗಿ ಇಬ್ಬದಿಗೂ ಹರಡುವಂತೆ, ಹಬ್ಬಿಕೊಳ್ಳುತ್ತದೆ.

ಧಾರೆ ನಿಂತರೆ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳು ಮೊದಲು ಬಳಲುತ್ತವೆ. ಆಮೇಲೆ ಉಳಿಯುವುದು ದೀರ್ಘ ಅಲೆಗಳ ಮಂದ ಕುರುಹು ಮಾತ್ರ. ಅಂಥ ದೀರ್ಘ ಅಲೆಗಳನ್ನು ಹಿಡಿಯಲೆಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು 1970ರ ದಶಕದಲ್ಲಿ ಗೌರಿಬಿದನೂರಿನ ಬಳಿ ಸಾವಿರ ಆಂಟೆನಾಗಳನ್ನು ಆಂಗ್ಲದ 'ಟಿ' ಅಕ್ಷರದಂತೆ ನಿಲ್ಲಿಸಿದವು. ಅವು ಆಲಿಸಿದ್ದು 34.5 ಮೆಗಾಹರ್ಟ್ಸ್, ಅಂದರೆ ಸುಮಾರು 9 ಮೀಟರ್ ಉದ್ದದ ಅಲೆಗಳನ್ನು. ನೋಟಕ್ಕೆ ತಂತಿ-ಕಂಬಗಳ ಹೊಲ. ಕೆಲಸ ಮಾತ್ರ ಅಸಾಮಾನ್ಯ.

2024ರಲ್ಲಿ ಯುರೋಪಿನ ಲೋಫಾರ್ ದೂರದರ್ಶಕದಿಂದ ಪತ್ತೆಯಾದ ಧಾರೆಜೋಡಿಯ ನೀಳ 2.3 ಕೋಟಿ ಜ್ಯೋತಿರ್ವರ್ಷ. ಅದರ ತವರು ಗೆಲಾಕ್ಸಿಯನ್ನು ಗುರುತಿಸಲು ಪುಣೆಯ ಬಳಿಯ ಖೋಡದದಲ್ಲಿರುವ ಬೃಹತ್ ಮೀಟರ್‌ತರಂಗ ದೂರದರ್ಶಕವು ನೆರವಾಯಿತು. ಇಂಥ ಧಾರೆಗಳು ಸುತ್ತಲಿನ ಅನಿಲವನ್ನು ಕಾಯಿಸುತ್ತವೆ. ಅನಿಲ ತಣಿಯದೆ ಹೊಸ ನಕ್ಷತ್ರಗಳು ಹುಟ್ಟವು. ಹೀಗೆ ಗೆಲಾಕ್ಸಿಯ ಬೆಳವಣಿಗೆಗೆ ಅದರ ಒಡಲಿನದೇ ಹೊನಲು ತಡೆಯಾಗುತ್ತದೆ. ಆದರೆ ಅಷ್ಟು ದೂರ ಅದು ಚೆದರದೆ, ನೆಟ್ಟಗೆ ಹರಿಯುವುದೆಂತು ಎಂಬ ಪ್ರಶ್ನೆಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.